ಬೆಳಿಗ್ಗೆ ತೆಗೆದ ರಕ್ತ

ಅಕ್ಕಾ,

ಇವತ್ತು ಸಂಜೆ ನಮ್ಮ ಲ್ಯಾಬಿಗೆ ಒಬ್ಬಳು ತನ್ನ ತಾಯಿಯ ರಕ್ತದ ಟ್ಯೂಬುಗಳನ್ನು ಹಿಡಿದು ಬಂದಳು. ಬೆಳಿಗ್ಗೆಯೇ ಮನೆಯಲ್ಲಿ ತೆಗೆಸಿದ್ದಳಂತೆ. ತಾಯಿಗೆ ಕೀಲುನೋವು, ಸುಸ್ತು; ಥೈರಾಯ್ಡ್, ಇ.ಎಸ್.ಆರ್. ಎರಡೂ ನೋಡಬೇಕಿತ್ತು.

"ಥೈರಾಯ್ಡ್ ಆಗುತ್ತಮ್ಮ, ಇ.ಎಸ್.ಆರ್. ಆಗಲ್ಲ. ಅದರಲ್ಲಿ ರಕ್ತಕಣ ಎಷ್ಟು ಬೇಗ ತಳಕ್ಕೆ ಇಳಿಯುತ್ತೆ ಅಂತ ನೋಡೋದು, ಹಳೇ ರಕ್ತದಲ್ಲಿ ನಿಧಾನಕ್ಕೆ ಇಳಿಯುತ್ತೆ. ಮೈಯೊಳಗೆ ಬಾವಿದ್ರೂ ನಾರ್ಮಲ್ ಅಂತ ತೋರಿಸಿಬಿಡುತ್ತೆ."

"ಅಮ್ಮ ಕೆಳಗೆ ಕಾರಲ್ಲಿದ್ದಾರೆ, ಮೆಟ್ಟಿಲು ಹತ್ತೋಕಾಗಲ್ಲ ಮೇಡಂ."

"ಇರ್ಲಿ, ನಾನೇ ಕೆಳಗೆ ಬರ್ತೀನಿ."

ಕಾರಿನಲ್ಲೇ ಹೊಸದಾಗಿ ರಕ್ತ ತೆಗೆದೆ. ಮಗಳು ಕೈಮುಗಿದಳು. ನನಗೆ ತಲೆ ಎತ್ತಲಾಗಲಿಲ್ಲ.

ಅಂದು ಸುಸ್ತು, ಕೀಲುನೋವು ಎನ್ನುತ್ತಿದ್ದ ನಿನ್ನ ರಕ್ತವನ್ನೂ ನಾನು ಬೆಳಿಗ್ಗೆಯೇ ತೆಗೆದಿದ್ದೆ. ಊಟದ ಡಬ್ಬಿಯ ಪಕ್ಕ ಚೀಲದಲ್ಲಿಟ್ಟು ಮರೆತು, ಸಂಜೆ ಇ.ಎಸ್.ಆರ್. ಪರೀಕ್ಷೆಗಿಟ್ಟೆ. ನಿಯಮ ಆಗಲೂ ಗೊತ್ತಿತ್ತು. ಮತ್ತೆ ಯಾರು ಚುಚ್ಚುತ್ತಾರೆ ಎಂದು ಸುಮ್ಮನಾದೆ. ಮನೆಗೆ ಬಂದು, "ಎಲ್ಲಾ ನಾರ್ಮಲ್ ಕಣಕ್ಕಾ, ನಾಟಕ ಸಾಕು" ಎಂದು ಎಲ್ಲರೆದುರು ರಿಪೋರ್ಟ್ ಓದಿದೆ. ಆಮೇಲೆ ಎರಡು ವರ್ಷ ನೀನು ಯಾವ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಹೋದಾಗ ಮೈಯೊಳಗಿನ ಬಾವು ಕಿಡ್ನಿಗೂ ಹರಡಿ, ಕಿಡ್ನಿ ಕೈಕೊಟ್ಟಿತ್ತು.

ಆದರೆ ನನಗೆ ನೆನಪಾಗುವುದು ಆ ಸಂಜೆಯೇ. "ಹಾಗಾದ್ರೆ ನಂದು ಬರೀ ಸೋಮಾರಿತನ ಬಿಡು" ಎಂದು ನೀನು ನಗುತ್ತಾ ಎದ್ದೆ. ಊದಿದ ಬೆರಳುಗಳಲ್ಲೇ ನನ್ನ ಲ್ಯಾಬಿನ ಬಿಳಿ ಕೋಟು ಒಗೆದು ಹಾಕಿದೆ.