ಮೂರನೇ ಸಿಂಕಿನ ನೀರು

ಹಿತ್ತಲ ಬಾಗಿಲಲ್ಲೇ ಜೀವ ಸವೆಸಿದ ನನ್ನ ಅವ್ವನಿಗೆ,

ಅಕ್ಷರ ಬಾರದ ನಿನಗೆ ಕಾಗದ ಬರೆಯಲು ಕೂತಿದ್ದೇನೆ ನೋಡು! ಇದ್ದಾಗಲೂ ಮನೆಗೆ ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳಬೇಕಿತ್ತು. ಇದನ್ನೂ ಬರೆದು ಮುಗಿಸಿ ಗಟ್ಟಿಯಾಗಿ ಓದುತ್ತೇನೆ, ಯಾರು ಕೇಳಿಸಿಕೊಂಡರೂ ಕೇಳಿಸಿಕೊಳ್ಳಲಿ. ನಿನಗೊಂದು ಸುದ್ದಿ ಹೇಳುವುದಿದೆ. ಆದರೆ ತುದಿಯಿಂದ ಶುರು ಮಾಡಿದರೆ ನಿನಗಾಗುವುದಿಲ್ಲ, "ಬುಡದಿಂದ ಹೇಳು ಲೇ" ಅನ್ನುವವಳು ನೀನು. ಸರಿ, ಬುಡದಿಂದಲೇ ಹೇಳುತ್ತೇನೆ.

ಆ ಕಲ್ಯಾಣಮಂಟಪದ ಹಿತ್ತಲು ನೆನಪಿದೆಯಲ್ಲ? ಮುಂದಿನ ಬಾಗಿಲಲ್ಲಿ ಪನ್ನೀರು, ಹಿಂದಿನ ಬಾಗಿಲಲ್ಲಿ ನೀನು, ನಿನ್ನ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಶಾಲೆ ಬಿಟ್ಟ ಮೇಲೆ ನಾನು ಚಿತ್ತವಾಡ್ಗಿಯಿಂದ ನಡೆದು ಬಂದು ನಿನ್ನ ಪಕ್ಕ ಕೂತರೆ, ನೀನು ತಿಕ್ಕಿಟ್ಟ ಕೊಳಗದಲ್ಲಿ ನನ್ನ ಮುಖ ಕಾಣುತ್ತಿತ್ತು. ಅಂಥ ಪಾತ್ರೆಯನ್ನು ನೀನು ಹೊಸ್ತಿಲ ಹೊರಗೆ ಇಟ್ಟು ಹಿಂದೆ ಸರಿಯಬೇಕು. ಒಳಗೆ ಉಗ್ರಾಣ ನೋಡಿಕೊಳ್ಳುತ್ತಿದ್ದ ಪದ್ದಮ್ಮ ಬಂದು, ಹೊಸ್ತಿಲ ಪಕ್ಕದ ಕೊಡಕ್ಕೆ ಕೈ ಅದ್ದಿ, ಪಾತ್ರೆಯ ಒಳಗೂ ಹೊರಗೂ ನೀರು ಚಿಮುಕಿಸಿ, ಆಮೇಲೆ ಎತ್ತಿಕೊಂಡು ಹೋಗಬೇಕು. "ಯಾಕವ್ವಾ, ಇನ್ನೂ ಹೊಲಸೈತೇನು?" ಎಂದು ಕೇಳಿದ್ದೆ. ನೀನು ತಲೆ ಎತ್ತದೆ ಹೇಳಿದ್ದೆ, "ಪಾತ್ರಿ ಚೊಕ್ಕ ಐತಲೇ. ಅದು ಪಾತ್ರಿಗೆ ಹಾಕೋ ನೀರಲ್ಲ." ಆ ಮಾತಿನ ಅರ್ಥ ನನಗೆ ಆಗಲೇ ಆಯಿತು, ಅವ್ವ. ನಾನು ಚಿಕ್ಕವಳಿದ್ದೆ, ದಡ್ಡಿಯಾಗಿರಲಿಲ್ಲ.

ಮರಿಯಮ್ಮನಹಳ್ಳಿ ಬೀಗರ ಆ ಬೇಸಿಗೆಯ ಮದುವೆಯನ್ನಂತೂ ನೀನು ಸಾಯುವವರೆಗೂ ಮರೆಯಲಿಲ್ಲ. ಸಂಜೆಯಾಗುವ ಹೊತ್ತಿಗೆ ಉಂಡವರಲ್ಲಿ ಎಷ್ಟೋ ಜನ ವಾಂತಿ ಭೇದಿ ಎಂದು ಆಸ್ಪತ್ರೆಗೆ ಓಡಿದರು. ಮರುದಿನ ಪದ್ದಮ್ಮ ಹಿತ್ತಲ ಬಾಗಿಲಿಗೆ ಬಂದು, "ಪಾತ್ರಿ ನೆಟ್ಟಗ ತೊಳದಿಲ್ಲ ನೀನು. ನಾಳಿಂದ ಬರಬ್ಯಾಡ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೀಗರಿಗೆ ಯಾರದಾದರೂ ಹೆಸರು ಹೇಳಬೇಕಿತ್ತು, ಹೇಳಿದರು. ಆ ದಿನ ಹಿತ್ತಲಲ್ಲಿದ್ದ ನಾವೆಲ್ಲರೂ ಅದೇ ಅನ್ನ, ಅದೇ ಸಾರು, ಅದೇ ಪಲ್ಯ ಉಂಡಿದ್ದೆವು. ನಮ್ಮವರೆಗೆ ಬಾರದಿದ್ದದ್ದು ಮಜ್ಜಿಗೆ ಒಂದೇ. ಅದು ಯಾವತ್ತೂ ಕೊನೇ ಪಂಕ್ತಿಗೇ ಮುಗಿದುಹೋಗುತ್ತಿತ್ತು. ನಮ್ಮಲ್ಲಿ ಒಬ್ಬರ ಹೊಟ್ಟೆಯೂ ಗುಡುಗುಡು ಎನ್ನಲಿಲ್ಲ. ಅದನ್ನು ನೀನು ಅಲ್ಲೇ ಹೇಳಬಹುದಿತ್ತು, ಆದರೆ ನೀನು ಸೆರಗು ಕೊಡವಿಕೊಂಡು ಮನೆಯ ದಾರಿ ಹಿಡಿದೆ.

ಕಂಪ್ಲಿ ಕಡೆ ಭತ್ತದ ನಾಟಿಗೆ ಹೋಗತೊಡಗಿದ ಮೇಲೆ ನಿನಗೊಂದು ಚಾಳಿ ಬಂತು. ಮನೆಗೆ ಬಂದು ಕೆಸರು ತೊಳೆದುಕೊಂಡು, ಎರಡೂ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸುತ್ತಿದ್ದೆ. "ನನ್ನ ಕೈದಾಗ ಏನರ ಇತ್ತೇನಲೇ?" ಎಂದು ನನ್ನನ್ನೇ ಕೇಳುತ್ತಿದ್ದೆ. ಕೊನೆಗೆ ಆಸ್ಪತ್ರೆಯ ಮಂಚದ ಮೇಲೂ, ಸೂಜಿ ಚುಚ್ಚಿದ ಕೈಯನ್ನು ಹಾಗೇ ಎತ್ತಿ ಮೂಸಿ ನೋಡಿಕೊಂಡೆ. ಇಲ್ಲವ್ವಾ, ಇಲ್ಲ, ಎಂದು ನಾನು ಎಷ್ಟು ಸಲ ಹೇಳಿದರೂ ನೀನು ನಂಬಿದೆಯಾ? ಮಗಳ ಮಾತು, ಇನ್ನೇನು ಹೇಳುತ್ತಾಳೆ ಅಂದುಕೊಂಡೆ. ನನಗೆ ಆ ಮಂಟಪವನ್ನೇ ಕಿತ್ತು ತುಂಗಭದ್ರೆಗೆ ಎಸೆಯುವಷ್ಟು ಸಿಟ್ಟು ಬರುತ್ತಿತ್ತು.

ಆ ಸಿಟ್ಟಿನಲ್ಲೇ ನಾನು ಅಡುಗೆಮನೆ ಹಾಕಿದೆ. ನೀನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಹಂಪಿ ನೋಡಲು ಬರುವ ಗುಂಪುಗಳಿಗೆ ಊಟ ಕಳಿಸುತ್ತೇನೆ. ತರಕಾರಿ ಹೆಚ್ಚುವ ಹಲಗೆ ಬೇರೆ, ಕೋಳಿ ಹೆಚ್ಚುವ ಹಲಗೆ ಬೇರೆ, ಬಣ್ಣವೂ ಬೇರೆ. ಬಿಸಿ ಅನ್ನ ಸಾರು ಬಿಸಿಯಾಗಿಯೇ ಇರಲು ಕಾಯಿಸುವ ಪೆಟ್ಟಿಗೆ, ಮೊಸರು ಮಜ್ಜಿಗೆಗೆ ಆಳೆತ್ತರದ ಫ್ರಿಜ್. ಕೈ ತೊಳೆಯುವ ನಲ್ಲಿಯನ್ನು ಕೈಯಿಂದ ಮುಟ್ಟುವಂತಿಲ್ಲ, ಮೊಣಕಾಲಿನಿಂದ ಒತ್ತಬೇಕು. ಇವೆಲ್ಲಕ್ಕಿಂತ ನನಗೆ ಹೆಮ್ಮೆ ಒಂದರ ಮೇಲೆ: ಪಾತ್ರೆ ತೊಳೆಯಲು ಸಾಲಾಗಿ ಮೂರು ಸ್ಟೀಲ್ ಸಿಂಕು. ನೀನಾದರೆ "ಇದೇನಲೇ, ದನಕ್ಕ ನೀರ ಕುಡಿಸೋ ಬಾನಿ ಇದ್ದಂಗ ಐತಿ" ಅನ್ನುತ್ತಿದ್ದೆ. ಮೊದಲನೆಯದರಲ್ಲಿ ಸೋಪಿನ ನೀರು, ಎರಡನೆಯದರಲ್ಲಿ ಬರೀ ನೀರು, ಮೂರನೆಯದರಲ್ಲಿ ಕೈ ಇಡಲಾಗದಷ್ಟು ಬಿಸಿನೀರು. ಪಾತ್ರೆಯನ್ನು ತಂತಿಬುಟ್ಟಿಯಲ್ಲಿಟ್ಟು ಅದರಲ್ಲಿ ಮುಳುಗಿಸಿ, ಎತ್ತಿ, ರ್‍ಯಾಕಿನ ಮೇಲೆ ಬೋರಲು ಹಾಕಿ ಹಾಗೇ ಆರಲು ಬಿಡಬೇಕು. ಬಟ್ಟೆಯಿಂದ ಒರೆಸುವಂತಿಲ್ಲ, ಬಟ್ಟೆಯಲ್ಲೇ ಕೊಳೆ ಇರುತ್ತದೆ. ಆ ಬಿಸಿನೀರಿನಿಂದ ಎದ್ದ ಪಾತ್ರೆಯನ್ನು ಮತ್ತೆ ಯಾರೂ ಹೊಲಸು ಮಾಡಬಾರದು, ಅಷ್ಟೇ ಕಾನೂನು. ಮತ್ತೆ ಇನ್ನೊಂದು ಮಾತು. ನನ್ನ ಅಡುಗೆಮನೆಯಲ್ಲಿ ಕೈ ಅದ್ದಿ ನೀರು ತೆಗೆಯುವ ಕೊಡವೇ ಇಲ್ಲ. ಕುಡಿಯಲಿಕ್ಕೂ ನಲ್ಲಿ, ಮಜ್ಜಿಗೆಗೂ ನಲ್ಲಿ.

ಹೋದ ವಾರ ಬಾಗಿಲಿಗೆ ಒಂದು ಕಾರು ಬಂತು. ಸಂಡೂರಿನ ಗಣಿ ಆಫೀಸಿನ ಸಾಹೇಬರು, ತಮ್ಮ ಸಿಬ್ಬಂದಿಗೆ ದಿನಾ ಮಧ್ಯಾಹ್ನದ ಊಟ ಬೇಕು, ಅಡುಗೆಮನೆ ನೋಡಿ ಹೇಳುತ್ತೇನೆ ಎಂದಿದ್ದರು. ಆ ಆರ್ಡರ್ ಸಿಕ್ಕರೆ, ನನ್ನಲ್ಲಿ ಪಾತ್ರೆ ತೊಳೆಯುವ ಗಾದಿಗನೂರಿನ ಗಂಗಮ್ಮನ ಜೊತೆಗೆ ಇನ್ನೂ ಇಬ್ಬರು ಹೆಂಗಸರಿಗೆ ವರ್ಷವಿಡೀ ಕೆಲಸ. ಹಂಪಿಗೆ ಹೊರಟಿದ್ದರಂತೆ, ತಾಯಿಯೂ ಜೊತೆಗಿದ್ದರು. ಆ ತಾಯಿ ಕಾರಿನಿಂದ ಇಳಿದದ್ದೇ ತಡ, ನನಗೆ ಗುರುತು ಸಿಕ್ಕಿತು. ಪದ್ದಮ್ಮ! ಕೂದಲು ಬೆಳ್ಳಗಾಗಿದೆ, ದನಿ ಅದೇ. ನನ್ನ ಗುರುತು ಅವರಿಗೆಲ್ಲಿಂದ ಸಿಗಬೇಕು? ಹಿತ್ತಲಲ್ಲಿ ಕೂತ ಹುಡುಗಿಯ ಮುಖ ಯಾರು ನೋಡಿರುತ್ತಾರೆ?

"ಬರ್ರಿ ಅಮ್ಮಾ, ಒಳಗ ಬರ್ರಿ" ಎಂದೆ. ಅವರು ಬಗ್ಗಿ, ಚಪ್ಪಲಿಯ ಪಟ್ಟಿಯನ್ನು ಕೈಯಿಂದ ಬಿಡಿಸಿ, ಚಪ್ಪಲಿಯನ್ನು ಕೈಯಲ್ಲೇ ಎತ್ತಿ ಗೋಡೆಗೆ ಇಟ್ಟರು. ಒಳಗೆ ಗಂಗಮ್ಮ ತೊಳೆಯುತ್ತಿದ್ದಳು. ಪದ್ದಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ಯಾರ ಪೈಕಿ ನೀನು?" ಎಂದರು. ಗಂಗಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. ಆಗ, ಅವ್ವ, ಆ ಮುದುಕಿ ತನ್ನ ಚೀಲದಿಂದ ಮನೆಯ ನೀರಿನ ಬಾಟಲಿ ತೆಗೆದು, ಚಪ್ಪಲಿ ಮುಟ್ಟಿದ ಅದೇ ಅಂಗೈಗೆ ನೀರು ಸುರಿದುಕೊಂಡು, ರ್‍ಯಾಕಿನ ಮೇಲೆ ಆರುತ್ತಿದ್ದ ಪಾತ್ರೆಗಳ ಮೇಲೆಲ್ಲ ಚಿಮುಕಿಸಿದರು! ಕೇಡು ಬಯಸಿ ಮಾಡಿದ್ದಲ್ಲ, ಕಣ್ಣು ಮಿಟುಕಿಸಿದಷ್ಟು ಸಲೀಸಾಗಿ ಮಾಡಿದರು. ನನಗೆ ಉರಿ ಹತ್ತಿದ್ದೂ ಅದಕ್ಕೇ.

ನಾನು ಒಂದೊಂದೇ ಪಾತ್ರೆ ಎತ್ತಿ ಮೊದಲನೇ ಸಿಂಕಿಗೆ ಹಾಕಿದೆ. "ಗಂಗಮ್ಮ, ಇವು ಮುಸುರಿ ಆದ್ವು. ಮತ್ತ ತೊಳಿ" ಎಂದೆ. ಉಂಡು ಬಿಟ್ಟ ಪಾತ್ರೆಗೆ ಅನ್ನುವ ಮಾತು ಅದು, ಊರೆಲ್ಲ ನಿನ್ನ ಹೆಸರಿಗೆ ಅಂಟಿಸಿದ್ದ ಮಾತು. ಮುಸುರಿ ಹುಲಿಗೆಮ್ಮ. ಪದ್ದಮ್ಮನ ಮುಖ ಕೆಂಪಾಯಿತು. "ಏನಂದಿ? ನಾ ನೀರ ಚಿಮುಕಿಸಿದ್ರ ಮುಸುರಿ ಹೆಂಗ ಆಗ್ತದ? ಕಲ್ಯಾಣಮಂಟಪದಾಗ ಕೊಡದ ನೀರ ಚಿಮುಕಿಸೇ ಪಾತ್ರಿ ಒಳಗ ತಗೊಂತಿದ್ವಿ. ಅದ ಕೊಡದ ನೀರ ಮಜ್ಜಿಗಿಗೂ ಬೆರಸ್ತಿದ್ವಿ. ಯಾರಿಗರ ಏನರ ಆಗ್ಯದೇನು?"

ನನ್ನ ಕೈ ಸಿಂಕಿನ ಅಂಚಿನಲ್ಲೇ ನಿಂತುಬಿಟ್ಟಿತು. ಕೇಳಿದೆಯಾ ಅವ್ವ? ಅದೇ ಕೊಡದ ನೀರು, ಮಜ್ಜಿಗೆಗೆ! ಎಲ್ಲೆಲ್ಲಿಂದಲೋ ಬಂದ ಕೈಗಳು ದಿನವಿಡೀ ಅದ್ದಿದ ಕೊಡ. "ಆಗಿತ್ತಲ್ರೀ ಅಮ್ಮಾ," ಎಂದೆ. "ಮರಿಯಮ್ಮನಹಳ್ಳಿ ಬೀಗರಿಗೆ ಆಗಿತ್ತು. ಹಿತ್ತಲದಾಗ ನಾವೂ ಅದ ಪಾತ್ರಿದಾಗಿನ ಅನ್ನ, ಅದ ಸಾರು ಉಂಡಿದ್ವಿ, ನಮಗೇನೂ ಆಗಲಿಲ್ಲ. ನಮಗ ಬರದಿದ್ದದ್ದು ನಿಮ್ಮ ಮಜ್ಜಿಗಿ ಒಂದ. ಆದ್ರ ಕೆಲಸ ಹೋಗಿದ್ದು ನಮ್ಮವ್ವಂದು." ಅವರು ಒಂದು ಹೆಜ್ಜೆ ಹತ್ತಿರ ಬಂದು ನನ್ನ ಮುಖ ನೋಡಿದರು. "ಹುಲಿಗೆಮ್ಮನ ಮಗಳೇನು ನೀನು?" ಎಂದರು. "ಹೌದ್ರಿ. ಮುಸುರಿ ಹುಲಿಗೆಮ್ಮನ ಮಗಳು" ಎಂದೆ. ಮಗ "ನಡೀ ಅಮ್ಮಾ" ಎಂದು ತಾಯಿಯ ತೋಳು ಹಿಡಿದ. ಕ್ಷಮೆ ಕೇಳಲಿಲ್ಲ ಅವರು. ನಾನು ಕಾಯಲೂ ಇಲ್ಲ. ಈ ಮಾತು ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ, ನನಗೆ ಕೋರ್ಟು ಬೇಕಿಲ್ಲ. ಅವರ ಬಾಯಿಂದಲೇ ಬಿತ್ತು, ನನ್ನ ಕಿವಿಗೆ ಬಿತ್ತು, ಸಾಕು.

ಆರ್ಡರ್ ಏನಾಯಿತು ಎಂದು ಕೇಳುತ್ತೀಯ, ಗೊತ್ತು. ಬರಲಿಲ್ಲ. "ಹೊಟ್ಟಿ ಮುಂದ ಸಿಟ್ಟು ಮಾಡ್ತಾರೇನಲೇ?" ಎಂದು ಬೈಯುತ್ತೀಯ, ಅದೂ ಗೊತ್ತು. ಬೈ, ಎಷ್ಟು ಬೇಕಾದರೂ ಬೈ. ಅಂದು ನೀನು ಬಾಯಿ ಮುಚ್ಚಿಕೊಂಡು ಬಂದೆಯಲ್ಲ, ಅದರಿಂದ ನಮ್ಮ ಹೊಟ್ಟೆ ತುಂಬಿತೇ? ಸಂಡೂರು ತಪ್ಪಿದರೆ ಇನ್ನೊಂದು ಊರು. ಎಲ್ಲ ಬಾಗಿಲೂ ಮುಚ್ಚಿದರೂ ನನ್ನ ರ್‍ಯಾಕಿನ ಮೇಲೆ ಯಾರ ಕೈಯಿಂದಲೂ ಒಂದು ಹನಿ ಬೀಳಲು ನಾನು ಬಿಡುವುದಿಲ್ಲ. ಇದು ನಿನ್ನ ಮೇಲೆ ಆಣೆ.

ನಿನ್ನೆ ಗಂಗಮ್ಮ ನಿನ್ನ ಫೋಟೋವನ್ನು ಸಿಂಕಿನ ಮೇಲೆ ತೂಗುಹಾಕೋಣ ಎಂದಳು, "ಅವ್ವಾರ ಜಾಗ ಅದ ಅಲ್ಲೇನ್ರಿ ಅಕ್ಕಾ" ಎಂದು. ಅಲ್ಲ ಎಂದೆ. ಮುಂದಿನ ಬಾಗಿಲ ಎದುರಿಗೇ ಹಾಕಿದ್ದೇನೆ. ಬಂದವರು ನಿನ್ನನ್ನು ನೋಡಿಕೊಂಡೇ ಒಳಗೆ ಬರಬೇಕು. ಆ ಫೋಟೋದಲ್ಲಿ ನಿನ್ನ ಎರಡೂ ಕೈ ಮಡಿಲಲ್ಲಿವೆ, ಬೆರಳೆಲ್ಲ ಬೂದಿ ತಿಂದು ಸವೆದಿವೆ.

ಅವುಗಳಲ್ಲಿ ಏನೂ ಇರಲಿಲ್ಲ. ಇನ್ನ ಕೈ ಮೂಸಬ್ಯಾಡ, ಅವ್ವ.

ನಿನ್ನ,
ಸುಜಾತ