ಕೆರೆಮಣ್ಣಿಗೆ ಯಾರ ಅಪ್ಪಣೆ

ನಾಯನಾ, ನನ್ನಪ್ಪಾ,

ಅಮಲ್ದಾರರ ಮೊಕ್ಕಾಂ ಮತ್ತೆ ನಮ್ಮೂರಿಗೆ ಬಂತು. ನೀನಿದ್ದಾಗ ಬರುತ್ತಿದ್ದ ಹಾಗೆಯೇ ಡೇರೆ, ಕುದುರೆ, ಅಡಿಗೆಯವರು. ಗೊಲ್ಲರು ಹಾಲು ಕೊಡಬೇಕು, ಕುಂಬಾರರು ಹೊಸ ಮಡಕೆ ಕೊಡಬೇಕು, ಎಲ್ಲ ಬಿಟ್ಟಿ. ಈಗ ಪ್ರಜೆಗಳದೇ ಸರ್ಕಾರವಂತೆ, ಶ್ರೀನಿವಾಸಪುರದಲ್ಲಿ ಬಾವುಟ ಹಾರಿಸಿ ಸಿಹಿ ಹಂಚಿದರು. ಡೇರೆ ಮಾತ್ರ ಹಳೇದೇ.

ನೆನಪಿದೆಯಾ, ನೀನು ಮೊದಲ ಸಲ ಮಡಕೆ ಕೊಡೋದಿಲ್ಲ ಅಂದ ದಿನ? ಶಾನುಭೋಗರು ಚಾವಡಿಯ ಮೇಲೆ ಕೂತಿದ್ದರು. ನೀನು ಕೆಳಗೆ, ಮೊಣಕೈವರೆಗೆ ಮಣ್ಣು. "ಈ ಕೈ ನಮ್ಮಮ್ಮ ಕೊಟ್ಟಿದ್ದು ಸ್ವಾಮಿ, ಕಚೇರಿ ಕೊಟ್ಟಿದ್ದಲ್ಲ. ಕಳ್ಳರಿಂದ ಕಾಯ್ಲಿ ಅಂತ ಸರ್ಕಾರ ಇಟ್ಕೊಂಡಿದೀವಿ. ಅದೇ ಬಂದು ಮಡಕೆ ಎತ್ಕೊಂಡೋದ್ರೆ ಯಾರಿಗೆ ಹೇಳ್ಲಿ?" ಅಂದೆ ನೀನು. ನಾನು ಹೆದರಿ ಅಮ್ಮನ ಸೆರಗು ಹಿಡಿದಿದ್ದೆ. ಇವತ್ತು ನೆನೆದರೆ ಎದೆ ಉಬ್ಬುತ್ತದೆ.

ಅವರು ನಿನ್ನನ್ನು ಹೊಡೆಯಲಿಲ್ಲ. ಕೆರೆ ಸರ್ಕಾರದ್ದು, ಇನ್ನು ಈ ಮನೆಯವರು ಅಲ್ಲಿ ಮಣ್ಣು ತೆಗೆಯಕೂಡದು ಅಂದರು, ಅಷ್ಟೆ. ಕುಂಬಾರನಿಗೆ ಅದಕ್ಕಿಂತ ದೊಡ್ಡ ಏಟು ಬೇಕಾ? ರಾಯಲ್ಪಾಡಿನ ಆಚೆಯಿಂದ ಮಣ್ಣು ಹೊತ್ತು ಹೊತ್ತು ನಿನ್ನ ಬೆನ್ನು... ಬೇಡ, ಬರೆಯಲಾರೆ. ಅದು ಮರಳು ಬೆರೆತ ಮಣ್ಣು, ಆವಿಗೆಯಲ್ಲಿ ಸುಡುವಾಗ ಅರ್ಧಕ್ಕರ್ಧ ಮಡಕೆ ಸೀಳು ಬಿಡುತ್ತಿದ್ದವು. ಆದರೂ ಸಾಯುವ ತನಕ ನೀನು ಒಂದು ಕುಡಿಕೆಯನ್ನೂ ಡೇರೆಗೆ ಕಳಿಸಲಿಲ್ಲ.

ಈ ಸಲ ನಿನ್ನ ಅಳಿಯ, "ಹೋಗ್ಲಿ ಬಿಡೇ, ನಾಲ್ಕು ಮಡಕೆ ಕೊಟ್ಟು ಕೆರೆ ಬಿಡಿಸ್ಕೊಳ್ಳೋಣ" ಅಂದ. ನಮ್ಮ ತಾತಂದಿರು ತೋಡಿದ ಕೆರೆಯನ್ನು ನಾವ್ಯಾಕೆ ಬಿಡಿಸಿಕೊಳ್ಳಬೇಕು? ಮಣ್ಣು ಹೊರುವ ಮಂಕರಿ ಎತ್ತಿಕೊಂಡು ಹೋಗಿ ಕೆರೆಗೆ ಇಳಿದೆ. ಶಾನುಭೋಗರು ಏರಿಯ ಮೇಲೆ ಓಡಿಬಂದರು.

"ಏನೇ, ಯಾರ ಅಪ್ಪಣೆ?"

"ಸರ್ಕಾರ ನಮ್ಮದೂಂತ ನೀವೇ ಡಂಗುರ ಹಾಕ್ಸಿದ್ರಿ ಸ್ವಾಮಿ. ನನ್ನದೇ ಅಪ್ಪಣೆ."

"ಇಳಿದೋರ ಹೆಸರೆಲ್ಲ ಬರ್ಕೊಂಡು ಕಚೇರಿಗೆ ಕಳಿಸ್ತೀನಿ. ಜೈಲಿಗೆ ಹಾಕ್ತಾರೆ, ನೋಡ್ತಿರು."

ಆಮೇಲೆ ಆದದ್ದನ್ನು ಕೇಳು. ಗೊಲ್ಲರ ಮುನೆಕ್ಕ ಹಾಲಿನ ಚೊಂಬು ದಡದಲ್ಲಿಟ್ಟು ಇಳಿದಳು. ಬಳೆ ಮಾರುವ ಮಹಬೂಬಿ ಸೀರೆ ಎತ್ತಿ ಕಟ್ಟಿ ಇಳಿದಳು. ಅವರಿಗೆ ಕೆರೆಮಣ್ಣು ಯಾಕೆ ಹೇಳು? ನಿನ್ನ ಅಳಿಯನೂ ಗೊಣಗುತ್ತಲೇ ಬಂದ. ನೋಡನೋಡುತ್ತ ಅರ್ಧ ಊರೇ ಕೆಸರಲ್ಲಿ ನಿಂತಿತು. ಶಾನುಭೋಗರು ಕಾಗದ ತೆಗೆದರೆ, ಒಬ್ಬೊಬ್ಬರೂ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದರು. "ಮಹಬೂಬಿ. ಸರಿಯಾಗಿ ಬರೀರಿ ಸಾಮಿ" ಅಂದಳು ಅವಳು. ಜೈಲಿಗೆ ಕರೆದರೆ ಹೋಗುತ್ತೇವೆ, ಮಡಕೆ ಮಾತ್ರ ಹೋಗುವುದಿಲ್ಲ.

ನನ್ನ ಸರದಿ ಬಂದಾಗ, ಮೊದಲು ನಿನ್ನ ಹೆಸರು ಬರೆಸಿದೆ.