ಕರಿನೆಲಕ್ಕೆಂದು ಬರೆದ ಆ ಒಂದು ಸಾಲು

ಕೆಳಗಣಿ, ಮೂರನೇ ಅಂತಸ್ತು
ಧೂಳುಮಾಸದ ನಲವತ್ತೊಂದನೇ ದಿನ, ಇಸವಿ ೨೨೧೭

ಮನೆ ಗುಡಿಸುವ ಯಂತ್ರಕ್ಕೆ ಬುದ್ಧಿ ಬರೆಯುತ್ತ ಕೂತಿರುವವರಿಗೆ,

ನೀವು ಗಂಡಸೋ ಹೆಂಗಸೋ, ನಿಮ್ಮ ಊಟವಾಯಿತೋ ಇಲ್ಲವೋ, ಒಂದೂ ತಿಳಿಯದೆ ಬರೆಯುತ್ತಿದ್ದೇನೆ. ನಲವತ್ತೊಂದು ದಿನದ ತಿಂಗಳು ನಿಮ್ಮ ಕಾಲದಲ್ಲಿ ಇರಲಿಲ್ಲವಂತೆ. ನಮ್ಮಲ್ಲಿ ಧೂಳು ಇಳಿಯುವ ತನಕ ತಿಂಗಳು ಮುಗಿಯುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ, ನಾನು ಶಾಲೆ ಕಲಿತದ್ದು ಕಡಿಮೆ. ಮೇಲಿನ ಅಂತಸ್ತು ಕುಸಿದಾಗ ಶಾಲೆಯೂ ಅದರ ಜೊತೆ ಹೋಯಿತು, ಆಮೇಲೆ ಯಾರೂ ಕಟ್ಟಲಿಲ್ಲ. ಈ ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೆ, ಹೇಗೆ ಬರುತ್ತದೆಂದು ನನ್ನನ್ನು ಕೇಳಬೇಡಿ. ಬಂದರೂ ತಡವಾಯಿತೇನೋ, ನೀವು ಆ ಸಾಲು ಬರೆದು ದೀಪ ಆರಿಸಿ ಎದ್ದುಹೋದಿರೇನೋ.

ನಾವಿರುವುದು ಹಳೆಯ ಕಲ್ಲುಗಣಿಯ ಹೊಟ್ಟೆಯೊಳಗೆ. ಮೇಲೆ ಬಿಸಿಲಿಗೆ ನಿಲ್ಲಲಾಗದು. ಗೋಡೆ, ನೆಲ, ಓಣಿ, ಮಲಗುವ ಕಟ್ಟೆ ಎಲ್ಲವೂ ಕರಿಕಲ್ಲು. ಆ ಕಲ್ಲು ದಿನವೂ ಪುಡಿ ಉದುರಿಸುತ್ತದೆ. ಅದು ಎದೆಯೊಳಗೆ ಕೂತರೆ ಮನುಷ್ಯ ಒಳಗಿಂದ ಗಟ್ಟಿಯಾಗುತ್ತ ಬರುತ್ತಾನೆ. ಅದಕ್ಕೆ ನಾವು ಕಲ್ಲೆದೆ ಅನ್ನುತ್ತೇವೆ. ಹಾಗಾಗಿ ನಮಗೆ ಅನ್ನಕ್ಕಿಂತ ಮೊದಲು ಗುಡಿಸವ್ವ ಬೇಕು. ನೀವು ಮಾಡಿದ ಯಂತ್ರದ ವಂಶದ್ದೇ ಅದು, ತಟ್ಟೆಯಗಲ, ಪ್ರತಿ ಮನೆಗೊಂದು. ಓಣಿ ಗುಡಿಸುವುದಕ್ಕೆ ಬಂಡಿಯಷ್ಟು ದೊಡ್ಡವು ಎರಡಿದ್ದವು, ಈಗ ಒಂದೇ ಉಳಿದಿದೆ, ದೊಡ್ಡವ್ವ. ಅವಳ ಬೆನ್ನ ಮೇಲೆ ಹಲಗೆ ಕಟ್ಟಿದ್ದೇವೆ. ನಡೆಯಲಾಗದ ಕಲ್ಲೆದೆಯವರು ಅದರ ಮೇಲೆ ಕೂತು, ದಿನ ಬೆಳಿಗ್ಗೆ ಸೋಸಿದ ಗಾಳಿ ಸಿಗುವ ಉಸಿರುಮನೆಗೆ ಹೋಗುತ್ತಾರೆ. ಹೋಗದಿದ್ದರೆ ಸಂಜೆಯೊಳಗೆ ತುಟಿ ನೀಲಿಗಟ್ಟುತ್ತದೆ.

ಹೊಸದಾಗಿ ಬುದ್ಧಿ ಬರೆಯುವವರು ನಮ್ಮಲ್ಲಿ ಯಾರೂ ಉಳಿದಿಲ್ಲ. ಹಳೆಯ ಯಂತ್ರದ ಬುದ್ಧಿಯನ್ನು ಹೊಸ ಯಂತ್ರಕ್ಕೆ ಇಳಿಸಿಕೊಳ್ಳುತ್ತೇವೆ, ಅಷ್ಟೇ. ಅದಕ್ಕೆ ಪಡಿ ಇಳಿಸುವುದು ಅನ್ನುತ್ತೇವೆ. ಅರಿಶಿನ ಕುಂಕುಮ ಇಟ್ಟು, ಸ್ನಾನ ಮಾಡಿ, ಒಂದಕ್ಷರ ಬಿಡದೆ ಇಳಿಸಬೇಕು. ಯಾವ ಸಾಲಿನ ಮೇಲೆ ಯಾವುದು ನಿಂತಿದೆಯೋ ಗೊತ್ತಿಲ್ಲವಲ್ಲ, ಅದಕ್ಕೆ ಯಾವುದನ್ನೂ ತೆಗೆಯಬಾರದೆಂಬ ಕಟ್ಟಳೆ. ಪಡಿ ಇಳಿಸುವವನು ನಮ್ಮ ನೆರೆಮನೆಯ ಚಂದಪ್ಪ. ಆ ಬುದ್ಧಿಯನ್ನು ಓದಲು ಬರುತ್ತದೆ ಅವನಿಗೆ, ಬರೆಯಲು ಬರುವುದಿಲ್ಲ.

ನನ್ನ ಗಂಡ ಮರೆಪ್ಪ ದೊಡ್ಡವ್ವನ ಮೇಲೆ ಕೂತು ಹೋದವರು ತಿರುಗಿ ಬರಲಿಲ್ಲ. ಓಣಿಯ ತಿರುವಿನಲ್ಲಿ ನೆಲ ಕುಸಿದು ಬಾಯಿ ತೆರೆದಿತ್ತು. ಅವಳು ಒಂದು ಕ್ಷಣವೂ ತಡೆಯಲಿಲ್ಲವಂತೆ. ಗುಡಿಸುತ್ತ ಗುಡಿಸುತ್ತ ಹಾಗೇ ಒಳಗೆ ಹೋದಳಂತೆ. ನೋಡಿದವರು ಹೇಳಿದ್ದು.

ಯಾಕೆ ಹೀಗಾಯಿತೆಂದು ಚಂದಪ್ಪ ಹುಡುಕಿ ಹೇಳಿದ. ಯಂತ್ರದ ಹೊಟ್ಟೆಯಡಿ ನಾಲ್ಕು ಕಣ್ಣುಗಳಿವೆ. ಅವು ಕೆಳಗೆ ಬೆಳಕು ಬಿಡುತ್ತವೆ. ಬೆಳಕು ಮರಳಿ ಬಂದರೆ ನೆಲ, ಬಾರದಿದ್ದರೆ ಕುಳಿ. ಕರಿಕಲ್ಲು ಬೆಳಕನ್ನು ನುಂಗಿಬಿಡುತ್ತದೆ, ಯಂತ್ರಕ್ಕೆ ಅದೂ ಕುಳಿಯೇ. ನಿಮ್ಮ ಕಾಲದಲ್ಲೂ ಕರಿನೆಲದ ಮನೆಯವರು ಯಂತ್ರ ಕದಲುತ್ತಿಲ್ಲ, ದುಡ್ಡು ದಂಡ ಎಂದು ಬೈದಿರಬೇಕು. ಬೈಸಿಕೊಂಡು ಸಾಕಾಗಿ ನೀವು ಒಂದು ಸಾಲು ಸೇರಿಸಿದಿರಿ. ನಾಲ್ಕೂ ಕಣ್ಣು ಒಟ್ಟಿಗೆ ಕುಳಿ ಎಂದರೆ, ಅದು ಕುಳಿಯಲ್ಲ, ಕರಿನೆಲ, ಮುಂದೆ ಹೋಗು. ಪಕ್ಕದಲ್ಲಿ ಒಂದು ಟಿಪ್ಪಣಿಯೂ ಇದೆಯಂತೆ, ಸದ್ಯಕ್ಕೆ ಹೀಗಿರಲಿ ಎಂದು. ನಿಮ್ಮನ್ನು ಬೈಯುತ್ತಿಲ್ಲ. ತಟ್ಟೆಯಗಲದ್ದು ಮೆಟ್ಟಿಲಿಂದ ಬಿದ್ದರೆ ಮುಚ್ಚಳ ಸೀಳುತ್ತದೆ, ಯಾರೂ ಸಾಯುವುದಿಲ್ಲ. ಮುಂದೆ ಇದರ ಮೇಲೆ ಮನುಷ್ಯರು ಕೂರುತ್ತಾರೆಂದು ನಿಮಗೆ ಯಾರು ಹೇಳಬೇಕಿತ್ತು?

ಆಮೇಲೆ ನನ್ನ ಮಗಳು ರೇಣವ್ವನಿಗೂ ಕಲ್ಲೆದೆ ಹಿಡಿಯಿತು. ನಾನು ಚಂದಪ್ಪನ ಕಾಲು ಹಿಡಿದೆ. ಅವನು ಕಟ್ಟಳೆ ಮುರಿದು, ಇದ್ದ ಇನ್ನೊಬ್ಬ ದೊಡ್ಡವ್ವನ ಬುದ್ಧಿಯಿಂದ ಆ ಸಾಲು ತೆಗೆದ. ಅವಳು ನಿಂತಲ್ಲೇ ಕಲ್ಲಾದಳು. ಓಣಿಯಲ್ಲಿ ಧೂಳು ಪಾದ ಮುಚ್ಚುವಷ್ಟು ಬಿತ್ತು. ನೆರೆಯ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ನನ್ನ ಬಾಗಿಲಿಗೆ ಬಂದರು. ಬೈಯಲಿಲ್ಲ. ಕೂಸುಗಳು ಕೆಮ್ಮುತ್ತಿದ್ದವು. ಸಾಲನ್ನು ತಿರುಗಿ ಹಾಕು ಎಂದು ಚಂದಪ್ಪನಿಗೆ ನಾನೇ ಹೇಳಿದೆ.

ಬೆಳಕು ಮರಳಿ ಬಂದು ಆ ಸಾಲೇ ಬೇಡವಾಗಲೆಂದು ನೆಲಕ್ಕೆ ಸುಣ್ಣ ಬಳಿದೆವು, ಅವಳ ಗುಡಿಸುವ ಕುಂಚಕ್ಕೇ ಅದು ಕಿತ್ತು ಧೂಳಾಯಿತು. ಅವಳ ಮುಂದೆ ನೆಲ ಮುಟ್ಟಿ ನೋಡುವ ಹಾಗೆ ಕೋಲೊಂದನ್ನು ಕಟ್ಟಬಾರದೇ ಎಂದು ಕೇಳಿದೆ. ಚಂದಪ್ಪ ತಲೆ ತಗ್ಗಿಸಿ ಅಂದ: “ಕೋಲೇನೋ ಕಟ್ಟಬೌದಕ್ಕ. ಅದರ ಮಾತು ಕೇಳೋ ಕಿವಿ ಆ ಬುದ್ಧಿಯೊಳಗ ಇಲ್ಲ.”

ಅದಕ್ಕೇ ಈಗ ನಾನೇ ಕೋಲು ಹಿಡಿದು ದೊಡ್ಡವ್ವನ ಮುಂದೆ ನಡೆಯುತ್ತೇನೆ. ಮನುಷ್ಯರು ಅಡ್ಡ ಬಂದರೆ ಅವಳು ನಿಲ್ಲುತ್ತಾಳೆ, ಆ ಪುಣ್ಯವನ್ನು ನೀವು ಬರೆದಿದ್ದೀರಿ. ನೆಲ ಕುಟ್ಟಿ ಕುಟ್ಟಿ ನೋಡುತ್ತೇನೆ, ಟೊಳ್ಳು ಸದ್ದು ಬಂದರೆ ಅಡ್ಡ ನಿಲ್ಲುತ್ತೇನೆ. ಓಣಿಯ ಗಂಡಸರು ಸಾಬವ್ವನ ಮೆರವಣಿಗೆ ಹೊರಟಿತು, ಬಾಜಾಬಜಂತ್ರಿ ಎಲ್ಲಿ ಅಂತ ನಗುತ್ತಾರೆ. ನಗಲಿ, ನಕ್ಕರೆ ಅವರೂ ಕೆಮ್ಮುತ್ತಾರೆ. ಹಲಗೆಯ ಮೇಲಿಂದ ರೇಣವ್ವ ಮೊದಮೊದಲು ನಾಚಿ ಸೆರಗು ಎಳೆದುಕೊಳ್ಳುತ್ತಿದ್ದಳು. ಮೊನ್ನೆ ಮಾತ್ರ ಕೇಳಿದಳು: “ಅವ್ವಾ, ನಿನ್ನ ಮುಂದ ಯಾರು ನಡೀತಾರ?”

ನಾನು ಕೋಲು ಕುಟ್ಟುತ್ತ ಮುಂದೆ ನಡೆದೆ. ದೊಡ್ಡವ್ವ ಎಬ್ಬಿಸುವ ಧೂಳು ಮೊದಲು ಬರುವುದು ಮುಂದೆ ನಡೆಯುವವರ ಮುಖಕ್ಕೆ. ಈ ವಾರದಿಂದ ಮೆಟ್ಟಿಲು ಹತ್ತುವಾಗ ನನಗೂ ಉಸಿರು ನಡುವೆ ಸಿಕ್ಕಿಕೊಳ್ಳುತ್ತಿದೆ. ರೇಣವ್ವನಿಗೆ ಹೇಳಿಲ್ಲ. ನಾನು ಹಲಗೆ ಹತ್ತುವ ದಿನ ಕೋಲು ಹಿಡಿಯಲು ಒಬ್ಬರು ಬೇಕು. ಕೇಳಿದವರೆಲ್ಲ ಬೇರೆ ಕಡೆ ನೋಡುತ್ತಾರೆ, ಅವರಿಗೂ ಮಕ್ಕಳಿದ್ದಾರೆ.

ನೀವು ದೊಡ್ಡದೇನೂ ಮಾಡಬೇಡಿ. ಆ ಸಾಲು ಬರೆಯುವ ಮುಂಚೆ ಯಂತ್ರಕ್ಕೆ ಒಂದು ಬೆರಳು ಕೊಡಿ. ನೆಲ ಮುಟ್ಟಿದರೆ ಒತ್ತಿಕೊಳ್ಳುವ, ಮುಟ್ಟದಿದ್ದರೆ ಇಳಿಬೀಳುವ ಒಂದು ಸಣ್ಣ ಸ್ಪ್ರಿಂಗು, ಒಂದು ಸ್ವಿಚ್ಚು. ಅದರ ಮಾತನ್ನು ಕಣ್ಣಿನ ಮಾತಿಗಿಂತ ಮೇಲಿಡಿ. ಇದು ಆಗುವ ಮಾತೋ ಅಲ್ಲವೋ ನನಗೆ ತಿಳಿಯದು. ಆಗದಿದ್ದರೆ, ಯಂತ್ರ ನಿಂತು ತನಗೆ ಗೊತ್ತಾಗುತ್ತಿಲ್ಲವೆಂದು ಕೂಗಲಿ. ಕೊಂಡವರು ನಿಮ್ಮನ್ನು ಬೈಯುತ್ತಾರೆ, ಬೈಸಿಕೊಳ್ಳಿ. ಆ ಬೈಗುಳ ಒಂದು ಸಂಜೆಯದ್ದು.

ಅತ್ತ ರೇಣವ್ವ ಚಪ್ಪಲಿ ಹಾಕಿಕೊಂಡು ಕಾಯುತ್ತಿದ್ದಾಳೆ. ದೊಡ್ಡವ್ವ ಹೊರಡುವ ಹೊತ್ತಾಯಿತು, ನಾನು ಮುಂದೆ ಹೋಗಬೇಕು. ನೀವಿನ್ನೂ ಎದ್ದಿಲ್ಲ ತಾನೇ? ದಯವಿಟ್ಟು ಇನ್ನೊಂದು ಗಳಿಗೆ ಕೂತಿರಿ.

ಸಾಬವ್ವ